ಟ್ಯಾಂಕಿನೊಳಗಿನ ಪುಟ್ಟ ಪಂಪು: ಎಷ್ಟು ಕಾಲ ಬಾಳುತ್ತದೆ, ಯಾಕೆ ಕೆಡುತ್ತದೆ?



ಹೊಸೂರು ಅಂದರೆ ಗಾಡಿಗಳ ಊರು. ಟಿವಿಎಸ್ ಮೋಟಾರ್ ಕಾರ್ಖಾನೆ ಇಲ್ಲಿದೆ, ಅಶೋಕ್ ಲೇಲ್ಯಾಂಡ್ ಇಲ್ಲಿದೆ, ಸಿಪ್ಕಾಟ್‌ನಲ್ಲಿ ಗಾಡಿಗಳ ಬಿಡಿಭಾಗ ತಯಾರಿಸುವ ಸಣ್ಣ ದೊಡ್ಡ ಕಾರ್ಖಾನೆಗಳು ಎಷ್ಟೋ ಇವೆ. ನಿಮ್ಮಲ್ಲಿ ಹಲವರ ಅಪ್ಪ, ಅಣ್ಣ, ಚಿಕ್ಕಪ್ಪ ದಿನಾ ಶಿಫ್ಟಿಗೆ ಹೋಗುವುದು ಅಲ್ಲಿಗೇ. ಹಾಗಾಗಿ ಗಾಡಿಯೊಳಗೆ ಕಣ್ಣಿಗೆ ಬೀಳದೆ ಕೆಲಸ ಮಾಡುವ ಒಂದು ಚಿಕ್ಕ ಯಂತ್ರದ ಬಗ್ಗೆ ಈ ಸಲ ತಿಳಿದುಕೊಳ್ಳೋಣ. ಅದರ ಹೆಸರು ಇಂಧನ ಪಂಪು. ಗ್ಯಾರೇಜಿನಲ್ಲಿ ಎಲ್ಲರೂ ಹೇಳುವುದು ಫ್ಯೂಯಲ್ ಪಂಪ್ ಅಂತ.

ಇದನ್ನು ನೀವು ನೋಡಿಲ್ಲದೆ ಇರಬಹುದು, ಆದರೆ ಕೇಳಿದ್ದೀರಿ. ಹೊಸ ಬೈಕಿನ ಕೀಲಿ ತಿರುಗಿಸಿ, ಸ್ಟಾರ್ಟ್ ಮಾಡುವ ಮೊದಲು ಕಿವಿಗೊಟ್ಟು ಕೇಳಿ. ಟ್ಯಾಂಕಿನ ಒಳಗಿಂದ ಎರಡು ಮೂರು ಸೆಕೆಂಡು "ಸುಂಯ್" ಎಂಬ ಶಬ್ದ ಬಂದು ನಿಲ್ಲುತ್ತದೆ. ಕಾರಿನಲ್ಲಾದರೆ ಹಿಂದಿನ ಸೀಟಿನ ಕೆಳಗಿನಿಂದ ಬರುತ್ತದೆ. ಪಂಪು ತಿರುಗಿ, ಪೈಪಿನಲ್ಲಿ ಪೆಟ್ರೋಲನ್ನು ಒತ್ತಡಕ್ಕೆ ತಂದು ಸಿದ್ಧವಾಗುವ ಶಬ್ದ ಅದು. ಈ ಪಂಪು ಎಷ್ಟು ವರ್ಷ ಬಾಳುತ್ತದೆ? ಯಾಕೆ ಕೆಡುತ್ತದೆ? ಉತ್ತರಕ್ಕೆ ಬೇಕಾದ ವಿಜ್ಞಾನವೆಲ್ಲ ನಿಮ್ಮ ಹೈಸ್ಕೂಲು ಪುಸ್ತಕದಲ್ಲೇ ಇದೆ. ಒತ್ತಡ, ಶಾಖ, ಕುದಿಬಿಂದು, ಓಮ್‌ನ ನಿಯಮ, ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ಪಂಪೇ ಇರಲಿಲ್ಲ

1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಎಂಬ ಮೊಪೆಡ್ ಹೊರಬಂತು. ಅದಕ್ಕೆ ಇಂಧನ ಪಂಪು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಟ್ಯಾಂಕು ಮೇಲೆ, ಕಾರ್ಬುರೇಟರ್ ಕೆಳಗೆ. ಗುರುತ್ವದಿಂದಲೇ ಪೆಟ್ರೋಲ್ ಇಳಿದು ಬರುತ್ತಿತ್ತು. ಮನೆಯ ಮೇಲಿನ ತೊಟ್ಟಿಯಿಂದ ನಲ್ಲಿಗೆ ನೀರು ಬರುತ್ತದಲ್ಲ, ಹಾಗೇ.

ಕಾರಿನಲ್ಲಿ ಇದು ನಡೆಯುವುದಿಲ್ಲ. ಟ್ಯಾಂಕು ಹಿಂದೆ, ಕೆಳಗೆ ಇರುತ್ತದೆ. ಇಂಜಿನ್ ಮುಂದೆ, ಅದಕ್ಕಿಂತ ಮೇಲೆ. ಅದಕ್ಕೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೇ ಮಾರುತಿ 800 ಕಾರುಗಳಲ್ಲಿ ಇಂಜಿನ್ನಿಗೆ ಅಂಟಿಕೊಂಡಂತೆ ಒಂದು ಯಾಂತ್ರಿಕ ಪಂಪು ಇರುತ್ತಿತ್ತು. ಇಂಜಿನ್ ತಿರುಗಿದಾಗ ಒಳಗಿನ ರಬ್ಬರಿನಂಥ ಪೊರೆ ಮೇಲೆ ಕೆಳಗೆ ಆಡಿ ಪೆಟ್ರೋಲನ್ನು ಎಳೆದು ತಳ್ಳುತ್ತಿತ್ತು. ಪೊರೆ ಹರಿದರೆ ಬದಲಾಯಿಸಿದರೆ ಆಯಿತು.

ಆ ಪಂಪಿಗೆ ಬೇಸಿಗೆಯಲ್ಲಿ ಒಂದು ಕಾಯಿಲೆ ಬರುತ್ತಿತ್ತು. ಇಂಜಿನ್ನಿನ ಬಿಸಿಗೆ ಪಂಪಿನೊಳಗಿನ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟಿಕೊಳ್ಳುತ್ತಿತ್ತು. ಪಂಪು ದ್ರವವನ್ನು ತಳ್ಳಬಲ್ಲದು. ಆವಿಯಾದರೆ ಸುಮ್ಮನೆ ಕುಗ್ಗಿ ಹಿಗ್ಗುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ. ಕಾರು ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಆಗ ಹಳೇ ಡ್ರೈವರುಗಳು ಒಂದು ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕುತ್ತಿದ್ದರು. ನೀರು ಆರುವಾಗ ಶಾಖ ಹೀರಿಕೊಳ್ಳುತ್ತದೆ, ಪಂಪು ತಣ್ಣಗಾಗುತ್ತದೆ, ಆವಿ ಮತ್ತೆ ದ್ರವವಾಗುತ್ತದೆ. ಮಡಕೆಯ ನೀರು ತಣ್ಣಗಿರುವುದಕ್ಕೂ ಇದೇ ಕಾರಣ. ಹಿರಿಯರನ್ನು ಕೇಳಿ ನೋಡಿ, ಯಾರಾದರೂ ಇದನ್ನು ಕಂಡವರು ಸಿಕ್ಕೇ ಸಿಗುತ್ತಾರೆ.

ಆಮೇಲೆ ಕಾರ್ಬುರೇಟರ್ ಹೋಗಿ ಇಂಜೆಕ್ಟರ್ ಬಂತು. ಇಂಜೆಕ್ಟರ್ ಅಂದರೆ ಪೆಟ್ರೋಲನ್ನು ಸಣ್ಣ ತೂತಿನಿಂದ ಮಂಜಿನಂತೆ ಚಿಮ್ಮಿಸುವ ವಿದ್ಯುತ್ ಕವಾಟ. ಅದಕ್ಕೆ ಜೋರಾದ, ಏರುಪೇರಿಲ್ಲದ ಒತ್ತಡ ಬೇಕು. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಬೈಕು, ಸ್ಕೂಟರುಗಳಲ್ಲೂ ಬಹುಪಾಲು ಇಂಜೆಕ್ಟರಿಗೆ ಬದಲಾದವು. ಟಿವಿಎಸ್ 50ರ ವಂಶದ ಎಕ್ಸ್‌ಎಲ್ 100 ಕೂಡ ಬದಲಾಯಿತು. ಹಾಗಾಗಿ ಇವತ್ತು ಈ ವಿದ್ಯುತ್ ಪಂಪು ಕಾರಿನವರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಮಾವಿನ ಬುಟ್ಟಿ ಹೇರಿಕೊಂಡು ಸಂತೆಗೆ ಹೋಗುವವರ ಮೊಪೆಡ್ಡಿನಲ್ಲೂ ಇದೆ.

ಒಳಗೆ ಏನಿದೆ?

ಪಂಪು ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲೇ ಮುಳುಗಿರುತ್ತದೆ. ತಳದಲ್ಲಿ ಕಸ ತಡೆಯುವ ಬಲೆಚೀಲ. ಅದರ ಮೇಲೆ ಚಿಕ್ಕ ಚಕ್ರ, ಅಂಚಿನ ಸುತ್ತ ಸಣ್ಣ ಸಣ್ಣ ಹಲ್ಲುಗಳು. ಇದಕ್ಕೆ ಇಂಪೆಲ್ಲರ್ ಅನ್ನುತ್ತಾರೆ. ಅದನ್ನು ತಿರುಗಿಸುವ ಡಿಸಿ ಮೋಟಾರ್ ಮೇಲ್ಗಡೆ ಇರುತ್ತದೆ. ಚಕ್ರ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಪೆಟ್ರೋಲನ್ನು ಮೇಲಕ್ಕೆ ತಳ್ಳುತ್ತದೆ. ಆ ಪೆಟ್ರೋಲ್ ಮೋಟಾರಿನ ಒಳಗಡೆಯಿಂದಲೇ ಹಾದು ಹೊರಗೆ ಹೋಗುತ್ತದೆ.

ಪೆಟ್ರೋಲ್ ಕಾರುಗಳಲ್ಲಿ ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್. ಒಂದು ಬಾರ್ ಅಂದರೆ ಹೆಚ್ಚು ಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. 3.5 ಬಾರ್ ಒತ್ತಡದಿಂದ ನೀರನ್ನು ಸುಮಾರು 35 ಮೀಟರ್ ಎತ್ತರಕ್ಕೆ, ಅಂದರೆ ಹತ್ತು ಮಹಡಿಯ ಕಟ್ಟಡಕ್ಕೆ ಏರಿಸಬಹುದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪಂಪು ಇಷ್ಟು ಕೆಲಸ ಮಾಡುತ್ತದೆ.

ಇಲ್ಲಿ ನಿಮಗೊಂದು ಅನುಮಾನ ಬರಬೇಕು. ಡಿಸಿ ಮೋಟಾರಿನ ಬ್ರಷ್ ಮತ್ತು ಕಮ್ಯುಟೇಟರ್ ನಡುವೆ ಕಿಡಿ ಹಾರುತ್ತದೆ. ಸುತ್ತ ಪೆಟ್ರೋಲ್! ಬೆಂಕಿ ಹತ್ತುವುದಿಲ್ಲವೇ? ಹತ್ತುವುದಿಲ್ಲ. ಉರಿಯಲು ಆಮ್ಲಜನಕ ಬೇಕು. ದ್ರವ ಪೆಟ್ರೋಲಿನ ಒಳಗೆ ಉರಿಸುವಷ್ಟು ಗಾಳಿ ಇಲ್ಲ. ಪೆಟ್ರೋಲ್ ಆವಿ ಹತ್ತಿಕೊಳ್ಳುವುದು ಗಾಳಿಯಲ್ಲಿ ಅದರ ಪಾಲು ಸುಮಾರು 1.4%ರಿಂದ 7.6% ಇದ್ದಾಗ ಮಾತ್ರ. ಮುಚ್ಚಿದ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಆವಿಯ ಪಾಲು ಇದಕ್ಕಿಂತ ಜಾಸ್ತಿ. ಆದರೆ ಟ್ಯಾಂಕಿನ ಹೊರಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಹೊರಗೆ ಸೋರಿದ ಆವಿ ಗಾಳಿಯೊಂದಿಗೆ ಬೆರೆತು ಅಪಾಯದ ಮಿತಿಗೆ ಬಂದೇ ಬರುತ್ತದೆ. ಅದಕ್ಕೇ ಪೆಟ್ರೋಲ್ ಟ್ಯಾಂಕನ್ನು ಮನೆಯಲ್ಲಿ ಬಿಚ್ಚುವ ಸಾಹಸ ಯಾರೂ ಮಾಡಬಾರದು.

ಎಷ್ಟು ಕಾಲ ಬಾಳುತ್ತದೆ?

ಒಳ್ಳೆಯ ಪಂಪು ಒಂದೂವರೆ ಲಕ್ಷ ಕಿ.ಮೀ. ಅಥವಾ ಅದಕ್ಕೂ ಹೆಚ್ಚು ಬಾಳುವುದು ಸಾಮಾನ್ಯ. ಕೆಲವು ಕಾರುಗಳಲ್ಲಿ ಮೊದಲ ಪಂಪೇ ಕೊನೆಯವರೆಗೂ ಇರುತ್ತದೆ. ಕೆಲವಲ್ಲಿ ಐವತ್ತು ಸಾವಿರಕ್ಕೇ ಕೈಕೊಡುತ್ತದೆ. ಯಾಕೆ ಇಷ್ಟು ವ್ಯತ್ಯಾಸ?

ಪಂಪಿಗೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ. ಚಕ್ರ ಉರುಳಲಿ, ಬಿಡಲಿ, ಇಂಜಿನ್ ಓಡುತ್ತಿರುವಷ್ಟು ಹೊತ್ತೂ ಅದು ತಿರುಗುತ್ತಲೇ ಇರುತ್ತದೆ. ಹಾಗಾಗಿ ಅದರ ವಯಸ್ಸನ್ನು ಗಂಟೆಗಳಲ್ಲಿ ಎಣಿಸಬೇಕು. ಎರಡು ಕಾರುಗಳನ್ನು ತೆಗೆದುಕೊಳ್ಳಿ, ಎರಡೂ 1,50,000 ಕಿ.ಮೀ. ಓಡಿವೆ.

ಮೊದಲನೆಯದು ಹೊಸೂರಿನಿಂದ ಸೇಲಂಗೆ ಹೆದ್ದಾರಿಯಲ್ಲಿ ಓಡಾಡುವ ಕಾರು. ಸರಾಸರಿ ವೇಗ ಗಂಟೆಗೆ 60 ಕಿ.ಮೀ. ಅಂದುಕೊಳ್ಳಿ. 1,50,000 ÷ 60 = 2,500 ಗಂಟೆ.

ಎರಡನೆಯದು ದಿನಾ ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವ ಕಾರು. ಟ್ರಾಫಿಕ್ಕಿನಲ್ಲಿ ಸರಾಸರಿ 25 ಕಿ.ಮೀ. 1,50,000 ÷ 25 = 6,000 ಗಂಟೆ.

ಮೀಟರಿನಲ್ಲಿ ಎರಡಕ್ಕೂ ಒಂದೇ ಅಂಕಿ. ಆದರೆ ಎರಡನೇ ಕಾರಿನ ಪಂಪು ಎರಡು ಪಟ್ಟಿಗಿಂತಲೂ ಹೆಚ್ಚು ಹೊತ್ತು ದುಡಿದಿದೆ. ಹಗಲೂ ರಾತ್ರಿ ನಿಲ್ಲದೆ 250 ದಿನ ತಿರುಗಿದಂತೆ! ಹಳೇ ಕಾರು ಕೊಳ್ಳುವವರು ಬರೀ ಕಿಲೋಮೀಟರ್ ನೋಡಿದರೆ ಸಾಲದು, ಅದು ಎಲ್ಲಿ ಓಡಿದ್ದು ಅಂತಲೂ ಕೇಳಬೇಕು.

ಮೊದಲ ಶತ್ರು: ಶಾಖ

ಈಗ ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ಹಿಡಿದುಕೊಳ್ಳಿ. ಒಂದು ಪಂಪು 12 ವೋಲ್ಟ್‌ನಲ್ಲಿ 5 ಆಂಪಿಯರ್ ತೆಗೆದುಕೊಳ್ಳುತ್ತದೆ ಅನ್ನೋಣ. (ಇಂಜಿನ್ ಓಡುವಾಗ ಸುಮಾರು 14 ವೋಲ್ಟ್ ಇರುತ್ತದೆ. ಲೆಕ್ಕ ಸುಲಭವಾಗಲಿ ಎಂದು 12 ಇಟ್ಟುಕೊಂಡಿದ್ದೇವೆ.)

ತೆಗೆದುಕೊಂಡ ಸಾಮರ್ಥ್ಯ = 12 × 5 = 60 ವ್ಯಾಟ್.

ಈ ಪಂಪು ಗಂಟೆಗೆ 100 ಲೀಟರ್ ಪೆಟ್ರೋಲನ್ನು 3.5 ಬಾರ್, ಅಂದರೆ 3,50,000 ಪಾಸ್ಕಲ್ ಒತ್ತಡದಲ್ಲಿ ತಳ್ಳುತ್ತದೆ. ಗಂಟೆಗೆ 100 ಲೀಟರ್ ಅಂದರೆ 0.1 ಘನ ಮೀಟರ್. ಒಂದು ಸೆಕೆಂಡಿಗೆ 0.1 ÷ 3,600.

ತಳ್ಳಲು ಬಳಸಿದ ಸಾಮರ್ಥ್ಯ = ಒತ್ತಡ × ಸೆಕೆಂಡಿಗೆ ಹರಿದ ಗಾತ್ರ = 3,50,000 × 0.1 ÷ 3,600 = ಸುಮಾರು 10 ವ್ಯಾಟ್.

60 ವ್ಯಾಟ್ ತಿಂದು 10 ವ್ಯಾಟಿನ ಕೆಲಸ! ದಕ್ಷತೆ ಆರರಲ್ಲೊಂದು ಭಾಗ. ಉಳಿದ 50 ವ್ಯಾಟ್ ಎಲ್ಲಿ ಹೋಯಿತು? ಶಾಖವಾಯಿತು. ಆ ಶಾಖವನ್ನು ಹೊತ್ತೊಯ್ಯುವುದು ಸುತ್ತಲಿನ ಪೆಟ್ರೋಲೇ. ಪಂಪಿನ ತಿರುಗುವ ಭಾಗಗಳಿಗೆ ಬೇರೆ ಎಣ್ಣೆಯನ್ನೂ ಹಾಕುವುದಿಲ್ಲ. ಜಾರಿಕೆ ಕೊಡುವುದೂ ಪೆಟ್ರೋಲೇ. ಅಂದರೆ ತಾನು ತಳ್ಳುವ ದ್ರವವೇ ಪಂಪಿಗೆ ತಂಪೂ ಹೌದು, ಕೀಲೆಣ್ಣೆಯೂ ಹೌದು.

ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ ಏನಾಗುತ್ತದೆ? 50 ವ್ಯಾಟ್ ಒಂದು ಗಂಟೆಯಲ್ಲಿ ಕೊಡುವ ಶಾಖ 50 × 3,600 = 1,80,000 ಜೂಲ್. ಪೆಟ್ರೋಲಿನ ಸಾಂದ್ರತೆ ಲೀಟರಿಗೆ ಸುಮಾರು 0.74 ಕೆ.ಜಿ., ವಿಶಿಷ್ಟ ಉಷ್ಣ ಕೆ.ಜಿ.ಗೆ ಸುಮಾರು 2,200 ಜೂಲ್.

35 ಲೀಟರ್ ಇದ್ದರೆ: ರಾಶಿ 25.9 ಕೆ.ಜಿ. ಉಷ್ಣತೆಯ ಏರಿಕೆ = 1,80,000 ÷ (25.9 × 2,200) = ಸುಮಾರು 3 ಡಿಗ್ರಿ.

5 ಲೀಟರ್ ಇದ್ದರೆ: ರಾಶಿ 3.7 ಕೆ.ಜಿ. ಏರಿಕೆ = 1,80,000 ÷ (3.7 × 2,200) = ಸುಮಾರು 22 ಡಿಗ್ರಿ.

ನಿಜವಾದ ಕಾರಿನಲ್ಲಿ ಟ್ಯಾಂಕಿನ ಗೋಡೆಯಿಂದ ಸ್ವಲ್ಪ ಶಾಖ ಹೊರಗೆ ಹೋಗುತ್ತದೆ, ಇಂಜಿನ್ನಿಗೆ ಹೋಗುವ ಪೆಟ್ರೋಲೂ ಸ್ವಲ್ಪ ಒಯ್ಯುತ್ತದೆ. ಹಾಗಾಗಿ ಇಷ್ಟು ಏರುವುದಿಲ್ಲ. ಆದರೆ ಪೆಟ್ರೋಲ್ ಕಡಿಮೆಯಾದಷ್ಟೂ ಬೇಗ ಬಿಸಿಯಾಗುತ್ತದೆ ಎಂಬುದು ಲೆಕ್ಕದಿಂದಲೇ ಗೊತ್ತಾಗುತ್ತದೆ. ಇದಕ್ಕೆ ಕೃಷ್ಣಗಿರಿಯ ಏಪ್ರಿಲ್ ಬಿಸಿಲನ್ನೂ, ಕೆಳಗಿನ ಟಾರು ರಸ್ತೆಯ ಕಾವನ್ನೂ ಸೇರಿಸಿ ನೋಡಿ.

ಪೆಟ್ರೋಲ್ ಹಲವು ದ್ರವಗಳ ಮಿಶ್ರಣ. ಅದರ ಹಗುರ ಭಾಗಗಳು ಸುಮಾರು 35 ಡಿಗ್ರಿಯಲ್ಲೇ ಕುದಿಯಲು ತೊಡಗುತ್ತವೆ. ಪಂಪು ಎಳೆದುಕೊಳ್ಳುವ ಬಾಯಲ್ಲಿ ಒತ್ತಡ ಇನ್ನೂ ಕಡಿಮೆ. ಒತ್ತಡ ಇಳಿದರೆ ಕುದಿಬಿಂದುವೂ ಇಳಿಯುತ್ತದೆ. ಹಾಗಾಗಿ ಅಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಇರುವ ಕಡೆ ತಂಪೂ ಇಲ್ಲ, ಜಾರಿಕೆಯೂ ಇಲ್ಲ. ಬ್ರಷ್ಷು, ಬೇರಿಂಗು ಬೇಗ ಸವೆಯುತ್ತವೆ. ಹಳೇ ಅಂಬಾಸಿಡರಿನ ಗುಳ್ಳೆಯೇ ಬೇರೆ ರೂಪದಲ್ಲಿ ಬಂತು ನೋಡಿ.

ಹಾಗಂತ ಹೆದರಬೇಕಾಗಿಲ್ಲ. ಒಂದೆರಡು ಸಲ ರಿಸರ್ವಿಗೆ ಬಂದ ಮಾತ್ರಕ್ಕೆ ಪಂಪು ಸಾಯುವುದಿಲ್ಲ. ಎಷ್ಟೋ ಕಾರುಗಳಲ್ಲಿ ಪಂಪನ್ನು ಒಂದು ಸಣ್ಣ ಬಟ್ಟಲಿನಲ್ಲಿ ಕೂರಿಸಿರುತ್ತಾರೆ. ಟ್ಯಾಂಕು ಬರಿದಾಗುತ್ತಾ ಬಂದರೂ ಆ ಬಟ್ಟಲಿನಲ್ಲಿ ಪೆಟ್ರೋಲ್ ನಿಂತಿರುತ್ತದೆ. ಕೆಡಿಸುವುದು ದಿನಾ ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ವರ್ಷಗಟ್ಟಲೆ ಅಂಚಿನಲ್ಲೇ ಓಡಿಸುವ ಅಭ್ಯಾಸ. ಕಾಲು ಟ್ಯಾಂಕು ಇರುವಾಗಲೇ ತುಂಬಿಸಿದರೆ ಒಟ್ಟು ಖರ್ಚು ಅಷ್ಟೇ, ಪಂಪಿಗೆ ಮಾತ್ರ ಆಯಸ್ಸು.

ಎರಡನೇ ಶತ್ರು: ಕಸ ಮತ್ತು ನೀರು

"ಪೆಟ್ರೋಲ್ ಕಡಿಮೆಯಾದರೆ ಪಂಪು ತಳದ ಕಸ ಎಳೆಯುತ್ತದೆ" ಅಂತ ಹೇಳುವುದನ್ನು ಕೇಳಿರುತ್ತೀರಿ. ಸ್ವಲ್ಪ ಯೋಚನೆ ಮಾಡಿ. ಪಂಪಿನ ಬಾಯಿ ಇರುವುದೇ ತಳದಲ್ಲಿ. ಟ್ಯಾಂಕು ತುಂಬಿದ್ದರೂ ಅದು ಎಳೆಯುವುದು ತಳದಿಂದಲೇ. ಹಾಗಾಗಿ ಈ ಮಾತು ಪೂರ್ತಿ ಸರಿಯಲ್ಲ. ಪೆಟ್ರೋಲ್ ಕಡಿಮೆಯಿದ್ದಾಗ ಅದೇ ಕಸ ಕಡಿಮೆ ದ್ರವದಲ್ಲಿ ಕಲಕಿಕೊಂಡು ದಟ್ಟವಾಗಿರುತ್ತದೆ, ಅಷ್ಟೇ. ಕಸ ಬಲೆಚೀಲಕ್ಕೆ ಮೆತ್ತಿಕೊಂಡರೆ ಪಂಪು ಕಷ್ಟಪಟ್ಟು ಎಳೆಯಬೇಕು. ಎಳೆಯುವ ಬಾಯಲ್ಲಿ ಒತ್ತಡ ಇಳಿಯುತ್ತದೆ, ಮತ್ತೆ ಗುಳ್ಳೆ. ಮುಂದಿನ ಫಿಲ್ಟರ್ ಕಟ್ಟಿಕೊಂಡರೆ ಪಂಪು ಹೆಚ್ಚು ಒತ್ತಡದ ಎದುರು ತಿರುಗಬೇಕು. ಆಗ ಹೆಚ್ಚು ವಿದ್ಯುತ್ ಪ್ರವಾಹ ಎಳೆದು ಬಿಸಿಯಾಗುತ್ತದೆ.

ನೀರಿನ ಕಥೆ ಇನ್ನೊಂದು. ನೀರು ಪೆಟ್ರೋಲಿಗಿಂತ ಭಾರ, ಅದರಲ್ಲಿ ಬೆರೆಯುವುದಿಲ್ಲ, ತಳಕ್ಕೆ ಇಳಿಯುತ್ತದೆ. ಅಲ್ಲೇ ಪಂಪಿನ ಬಾಯಿ! ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20%ವರೆಗೆ ಎಥೆನಾಲ್ ಇರುತ್ತದೆ. ಇದನ್ನೇ ಇ20 ಅನ್ನುವುದು. 2023ರ ಫೆಬ್ರವರಿ 6ರಂದು ನಮ್ಮ ಪಕ್ಕದ ಬೆಂಗಳೂರಿನಲ್ಲೇ ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟರು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಕರಗಿಸಿಕೊಂಡು ಇಂಜಿನ್ನಿಗೆ ಒಯ್ದುಬಿಡುತ್ತದೆ. ಮಿತಿ ಮೀರಿದರೆ ಎಥೆನಾಲೂ ನೀರೂ ಕೂಡಿ ಬೇರೆ ಪದರವಾಗಿ ತಳಕ್ಕೆ ಇಳಿಯುತ್ತವೆ. ಆ ಪದರ ಲೋಹಕ್ಕೆ ತುಕ್ಕು ತರಬಲ್ಲದು. ಇ20ಗೆ ಹೊಂದುವ ರಬ್ಬರು, ಪ್ಲಾಸ್ಟಿಕ್ ಇರುವ ಹೊಸ ಗಾಡಿಗಳಿಗೆ ಚಿಂತೆ ಕಡಿಮೆ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಹಳೇ ಗಾಡಿಗಳಲ್ಲಿ ಎಚ್ಚರ ಬೇಕು. ನಿಂತ ಪೆಟ್ರೋಲು ಹಳಸಿ ಅಂಟಾಗುವುದೂ ಉಂಟು. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಚಿಕ್ಕ ಕೆಲಸ, ಲಾಭ ದೊಡ್ಡದು.

ಮೂರನೇ ಶತ್ರು: ಕೆಟ್ಟ ಸಂಪರ್ಕ

ಪಂಪಿಗೆ ಹೋಗುವ ತಂತಿಯ ಕೂಡುಪಿನ್ನಿಗೆ ತುಕ್ಕು ಹಿಡಿದು 0.3 ಓಮ್ ರೋಧ ಸೇರಿಕೊಂಡಿತು ಅನ್ನಿ. 0.3 ಓಮ್ ಏನು ಮಹಾ ಅನ್ನಿಸಬಹುದು. ಓಮ್‌ನ ನಿಯಮ ಏನು ಹೇಳುತ್ತದೆ?

ಅಲ್ಲಿ ಕಳೆದುಹೋಗುವ ವೋಲ್ಟೇಜ್ = 5 × 0.3 = 1.5 ವೋಲ್ಟ್.

ಅಲ್ಲಿ ಹುಟ್ಟುವ ಶಾಖ = 5 × 5 × 0.3 = 7.5 ವ್ಯಾಟ್.

ಪಂಪಿಗೆ 12ರ ಬದಲು 10.5 ವೋಲ್ಟ್ ಮಾತ್ರ ಸಿಗುತ್ತದೆ. ವೇಗ ಇಳಿಯುತ್ತದೆ, ಒತ್ತಡ ಸಾಲದಾಗುತ್ತದೆ. ಇತ್ತ ಕಡಲೆಕಾಳಿನಷ್ಟು ಚಿಕ್ಕ ಪಿನ್ನಿನಲ್ಲಿ 7.5 ವ್ಯಾಟ್ ಶಾಖ. ಪ್ಲಾಸ್ಟಿಕ್ ಕರಗಿ ಕಪ್ಪಾಗುತ್ತದೆ, ಸಂಪರ್ಕ ಇನ್ನಷ್ಟು ಕೆಡುತ್ತದೆ. ಇಲ್ಲಿ ಪಂಪಿನ ತಪ್ಪೇನೂ ಇಲ್ಲ. ಆದರೆ ಅಳೆದು ನೋಡದವರು "ಪಂಪು ಹೋಗಿದೆ" ಅಂತ ಸಾವಿರಾರು ರೂಪಾಯಿಯ ಹೊಸ ಪಂಪು ಹಾಕಿಸುತ್ತಾರೆ. ಪಿನ್ನು ಅದೇ ಹಳೆಯದು! ಹೊಸ ಪಂಪೂ ಸೊರಗುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕೇಳಿಸುತ್ತವೆ. ಯಾವ ಭಾಷೆಯ ಮೆಕ್ಯಾನಿಕ್ಕೇ ಆಗಲಿ, ಒಳ್ಳೆಯವನು ಮೊದಲು ಕೈಗೆತ್ತಿಕೊಳ್ಳುವುದು ಸ್ಪ್ಯಾನರನ್ನಲ್ಲ, ಮಲ್ಟಿಮೀಟರನ್ನು.

ನಾಲ್ಕನೇ ಕಾರಣ: ಕಾರ್ಖಾನೆಯಲ್ಲೇ ಆದ ದೋಷ

ಎಲ್ಲ ತಪ್ಪೂ ಓಡಿಸುವವರದ್ದೇ ಅಲ್ಲ. 2020ರ ಸುಮಾರಿಗೆ ಜಗತ್ತಿನಾದ್ಯಂತ ಟೊಯೊಟಾ, ಹೋಂಡಾ ಮುಂತಾದ ಕಂಪನಿಗಳು ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಿ ಪಂಪು ಬದಲಾಯಿಸಬೇಕಾಯಿತು. ಆ ಪಂಪುಗಳನ್ನು ಮಾಡಿದ್ದು ಜಪಾನಿನ ಡೆನ್ಸೊ ಎಂಬ ಕಂಪನಿ. ಕಾರಣ ಪ್ಲಾಸ್ಟಿಕ್ ಇಂಪೆಲ್ಲರ್. ಕೆಲವು ಚಕ್ರಗಳ ಪ್ಲಾಸ್ಟಿಕ್ಕಿನ ಸಾಂದ್ರತೆ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಅದರ ಮೇಲ್ಮೈಯಲ್ಲಿ ಸಣ್ಣ ಬಿರುಕು ಬಿಟ್ಟು, ಪೆಟ್ರೋಲನ್ನು ಹೀರಿಕೊಂಡು ಆಕಾರ ಕೆಡುತ್ತಿತ್ತು. ರಾತ್ರಿ ನೆನೆಹಾಕಿದ ಕಡಲೆ ಬೆಳಗ್ಗೆ ಉಬ್ಬುತ್ತದಲ್ಲ, ಹಾಗೆ. ಚಕ್ರಕ್ಕೂ ಅದರ ಗೂಡಿಗೂ ನಡುವೆ ಇರುವ ಸಂದು ಬಹಳ ಕಿರಿದು. ಚಕ್ರ ಉಬ್ಬಿದರೆ ಗೂಡಿಗೆ ಉಜ್ಜುತ್ತದೆ, ಸಿಕ್ಕಿಕೊಳ್ಳುತ್ತದೆ. ಓಡುತ್ತಿರುವ ಕಾರಿನ ಇಂಜಿನ್ ನಿಂತುಹೋಗುತ್ತದೆ.

ನಮ್ಮ ದೇಶದಲ್ಲೂ 2021ರ ಏಪ್ರಿಲ್‌ನಲ್ಲಿ ಹೋಂಡಾ ಕಂಪನಿ ಇಂಪೆಲ್ಲರ್ ದೋಷ ಇರಬಹುದೆಂದು 77,954 ಕಾರುಗಳನ್ನು ಕರೆಸಿತು. 2020ರ ಜುಲೈನಲ್ಲಿ ಮಾರುತಿ ಸುಜುಕಿ, ಇಂಧನ ಪಂಪಿನ ಸಂಭವನೀಯ ದೋಷಕ್ಕಾಗಿ ವ್ಯಾಗನ್‌ಆರ್ ಮತ್ತು ಬಲೆನೊ ಸೇರಿ 1,34,885 ಕಾರುಗಳನ್ನು ಕರೆಸಿತ್ತು. ಹೀಗೆ ಕರೆಸಿದಾಗ ದುರಸ್ತಿ ಉಚಿತ. ಮನೆಯಲ್ಲಿ ಕಾರು ಇದ್ದರೆ ಆರ್‌ಸಿ ಪುಸ್ತಕದಲ್ಲಿರುವ ಚಾಸಿಸ್ ನಂಬರನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹೇಳಿದರೆ, ಆ ಕಾರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ತಿಳಿಸುತ್ತಾರೆ. ನಾಳೆ ನಿಮ್ಮಲ್ಲಿ ಯಾರಾದರೂ ಇಂಥ ಕಾರ್ಖಾನೆಯಲ್ಲೇ ಗುಣಮಟ್ಟ ಪರೀಕ್ಷಿಸುವ ಕೆಲಸಕ್ಕೆ ಸೇರಬಹುದು. ಸಾಂದ್ರತೆಯ ಒಂದು ಅಳತೆ ತಪ್ಪಿದರೆ ಎಷ್ಟು ದೂರ ಅದರ ಪರಿಣಾಮ ಹೋಗುತ್ತದೆ ಎಂಬುದು ಆಗ ನೆನಪಿರಲಿ.

ಡೀಸೆಲ್ ಗಾಡಿಗಳಲ್ಲಿ

ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಪಂಪಿನ ಕೆಲಸ ಇನ್ನೂ ಕಠಿಣ. ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿ ಬಿಸಿಯಾದ ಗಾಳಿಗೆ ಡೀಸೆಲನ್ನು ಚಿಮ್ಮಿಸಬೇಕು. ಈಗಿನ ಇಂಜಿನ್ನುಗಳಲ್ಲಿ ಈ ಒತ್ತಡ ಸಾವಿರ ಬಾರ್ ದಾಟುತ್ತದೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೈಕೊ ಕಂಪನಿ ಹೆಸರಾದದ್ದು ಇಂಥ ಡೀಸೆಲ್ ಪಂಪುಗಳಿಂದಲೇ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಆದರೂ ಮೈಕೊ ಲೇಔಟ್ ಎಂಬ ಬಡಾವಣೆಯ ಹೆಸರು ಉಳಿದಿದೆ.

ಡೀಸೆಲ್ ಪಂಪಿಗೆ ಡೀಸೆಲಿನ ಜಿಡ್ಡೇ ಕೀಲೆಣ್ಣೆ. ಪೆಟ್ರೋಲಿಗೆ ಆ ಜಿಡ್ಡು ಇಲ್ಲ. ಬಂಕಿನಲ್ಲಿ ತಪ್ಪಿ ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಸಿದರೆ ಕೀಲಿಯನ್ನೂ ತಿರುಗಿಸಬಾರದು. ತಿರುಗಿಸಿದರೆ ಪೆಟ್ರೋಲ್ ಪಂಪಿಗೆ ಹೋಗುತ್ತದೆ, ಲೋಹಕ್ಕೆ ಲೋಹ ಉಜ್ಜಿ ಅದರ ಪುಡಿ ಇಂಜೆಕ್ಟರಿನವರೆಗೂ ಹೋಗಿ ಕೂರುತ್ತದೆ. ಗಾಡಿಯನ್ನು ಪಕ್ಕಕ್ಕೆ ತಳ್ಳಿ, ಟ್ಯಾಂಕು ಖಾಲಿ ಮಾಡಿಸುವುದೇ ದಾರಿ.

ಕೆಡುವ ಮುನ್ನ ಹೇಳುತ್ತದೆ

ಪಂಪು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ನಿಲ್ಲುವುದೂ ಉಂಟು. ಹೆಚ್ಚಿನ ಸಲ ಮುನ್ಸೂಚನೆ ಕೊಡುತ್ತದೆ:

- "ಸುಂಯ್" ಶಬ್ದ ಜೋರಾಗಿ ಕೊರಗಿದಂತೆ ಕೇಳಿಸುವುದು, ಅಥವಾ ಕೇಳಿಸದೇ ಇರುವುದು.
- ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಗುವುದು.
- ಕೃಷ್ಣಗಿರಿಯಿಂದ ಹೊಸೂರಿನ ಕಡೆ ಏರು ಹತ್ತುವಾಗ ಎಳೆತ ಸಾಲದೆ ಮುಗ್ಗರಿಸುವುದು.
- ಬಿಸಿಯಾದಾಗ ನಿಂತು, ಅರ್ಧ ಗಂಟೆ ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುವುದು.

ಇವು ಪಂಪಿನದೇ ಲಕ್ಷಣ ಎಂದು ಖಚಿತವಾಗಿ ಹೇಳಲಾಗದು. ಫ್ಯೂಸ್, ರಿಲೇ, ಕೂಡುಪಿನ್ನು, ಫಿಲ್ಟರ್, ಬ್ಯಾಟರಿ, ಇವನ್ನೆಲ್ಲ ಮೊದಲು ನೋಡಿ, ಆಮೇಲೆ ಇಂಧನದ ಒತ್ತಡ ಅಳೆದು, ಕೊನೆಗೆ ಪಂಪಿಗೆ ಕೈ ಹಾಕಬೇಕು. ಅಗ್ಗದಿಂದ ದುಬಾರಿಗೆ, ಹೊರಗಿನಿಂದ ಒಳಗೆ. ಹುಡುಕುವ ಕ್ರಮ ಇದು.

ಅಸಡ್ಡೆ ಮಾಡಿದರೆ ಏನಾದೀತು? ರಾಷ್ಟ್ರೀಯ ಹೆದ್ದಾರಿ 44ರಲ್ಲಿ ರಾತ್ರಿ ಶೂಲಗಿರಿ ಹತ್ತಿರ ಕಾರಿನ ಇಂಜಿನ್ ನಿಂತುಹೋಯಿತು ಅಂದುಕೊಳ್ಳಿ. ಹಿಂದೆ ಲಾರಿಗಳು ಬರುತ್ತಿವೆ. ಇಂಜಿನ್ ನಿಂತರೆ ಸ್ಟಿಯರಿಂಗ್ ಬಿಗಿಯಾಗಬಹುದು. ಬ್ರೇಕಿಗೆ ಸಹಾಯ ಮಾಡುವ ನಿರ್ವಾತ ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಆಮೇಲೆ ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಬಲವೆಲ್ಲ ಹಾಕಬೇಕು. ಹಾಗಾಗಿ ಬ್ರೇಕನ್ನು ಪದೇಪದೇ ಒತ್ತಿ ಬಿಡದೆ, ಉಳಿದ ವೇಗದಲ್ಲೇ ಗಾಡಿಯನ್ನು ಎಡಕ್ಕೆ ರಸ್ತೆಯಂಚಿಗೆ ತರಬೇಕು. ನಾಲ್ಕೂ ಇಂಡಿಕೇಟರ್ ಹಾಕಬೇಕು. ಎಲ್ಲರೂ ಎಡಬದಿಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ಕೆಂಪು ತ್ರಿಕೋನವನ್ನು ಗಾಡಿಯ ಹಿಂದೆ ದೂರದಲ್ಲಿ ಇಡಬೇಕು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಕಾರಿನಲ್ಲಿ ನೀವೂ ಇದ್ದರೆ ಇಷ್ಟನ್ನು ದೊಡ್ಡವರಿಗೆ ನೆನಪಿಸಬಹುದು.

ಮಾಡಿ ನೋಡಿ (ಪೆಟ್ರೋಲ್ ಮುಟ್ಟದೆ!)

1. ಉಬ್ಬುವ ಚಕ್ರ: ಇಪ್ಪತ್ತು ಕಡಲೆಕಾಳುಗಳನ್ನು ಸಾಲಾಗಿ ಒಂದಕ್ಕೊಂದು ತಾಗುವಂತೆ ಇಟ್ಟು ಸಾಲಿನ ಉದ್ದ ಅಳೆಯಿರಿ. ರಾತ್ರಿಯಿಡೀ ನೆನೆಸಿ ಮತ್ತೆ ಅಳೆಯಿರಿ. ಶೇಕಡ ಎಷ್ಟು ಹೆಚ್ಚಿತು? ಒಂದೇ ಕಾಳು ಅಳೆಯುವುದಕ್ಕಿಂತ ಇಪ್ಪತ್ತು ಅಳೆಯುವುದು ಯಾಕೆ ಒಳ್ಳೆಯದು?

2. ಕಟ್ಟಿಕೊಳ್ಳುವ ಫಿಲ್ಟರ್: ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ತಲೆಕೆಳಗಾಗಿ ಹಿಡಿಯಿರಿ. ಅರ್ಧ ಲೀಟರ್ ಶುದ್ಧ ನೀರು ಇಳಿಯಲು ಎಷ್ಟು ಸೆಕೆಂಡು? ಮಣ್ಣು ಕದಡಿದ ಅರ್ಧ ಲೀಟರ್ ನೀರು? ಅದೇ ಬಟ್ಟೆಯಲ್ಲಿ ಐದು ಸಲ ಮಾಡಿ ನಕ್ಷೆ ಬರೆಯಿರಿ.

3. ಒತ್ತಡ ಇಳಿದರೆ ಕುದಿಯುವುದು: ಇದನ್ನು ಶಿಕ್ಷಕರ ಜೊತೆ ಮಾತ್ರ ಮಾಡಿ. ಸೂಜಿ ಇಲ್ಲದ ಸಿರಿಂಜಿಗೆ ಕಾಲು ಭಾಗ ಬಿಸಿನೀರು ಎಳೆದುಕೊಳ್ಳಿ. ಗಾಳಿಯನ್ನು ಹೊರಗೆ ತಳ್ಳಿ, ತುದಿಯನ್ನು ಮುಚ್ಚಿ, ಹಿಡಿಯನ್ನು ಜೋರಾಗಿ ಎಳೆಯಿರಿ. ನೀರು 100 ಡಿಗ್ರಿ ಇಲ್ಲದಿದ್ದರೂ ಗುಳ್ಳೆ ಏಳುತ್ತದೆ. ಪಂಪಿನ ಬಾಯಲ್ಲಿ ನಡೆಯುವುದೂ ಇದೇ.

ಲೆಕ್ಕ ಮಾಡಿ

1. ಒಂದು ಟ್ಯಾಕ್ಸಿ ಸರಾಸರಿ 40 ಕಿ.ಮೀ. ವೇಗದಲ್ಲಿ 2 ಲಕ್ಷ ಕಿ.ಮೀ. ಓಡಿದೆ. ಪಂಪು ಎಷ್ಟು ಗಂಟೆ ತಿರುಗಿದೆ?
2. ಟ್ಯಾಂಕಿನಲ್ಲಿ 10 ಲೀಟರ್ ಇದ್ದರೆ, ಮೇಲಿನ ಲೆಕ್ಕದಂತೆ ಒಂದು ಗಂಟೆಗೆ ಎಷ್ಟು ಡಿಗ್ರಿ ಏರಬೇಕು?
3. ಕೂಡುಪಿನ್ನಿನ ರೋಧ 0.4 ಓಮ್, ಪ್ರವಾಹ 5 ಆಂಪಿಯರ್. ಎಷ್ಟು ವೋಲ್ಟ್ ನಷ್ಟ? ಎಷ್ಟು ವ್ಯಾಟ್ ಶಾಖ?
4. ಹೊಸೂರಿನ ಏಥರ್, ಪೋಚಂಪಳ್ಳಿಯ ಓಲಾ ಕಾರ್ಖಾನೆಗಳಲ್ಲಿ ತಯಾರಾಗುವ ವಿದ್ಯುತ್ ಸ್ಕೂಟರುಗಳಲ್ಲಿ ಇಂಧನ ಪಂಪು ಇಲ್ಲ. ಆದರೂ ಈ ಪಾಠದ ಯಾವ ಯಾವ ಶತ್ರುಗಳು ಅವುಗಳಿಗೂ ಇವೆ? ಪಟ್ಟಿ ಮಾಡಿ.

ಉತ್ತರ: (1) 5,000 ಗಂಟೆ. (2) ಸುಮಾರು 11 ಡಿಗ್ರಿ. (3) 2 ವೋಲ್ಟ್, 10 ವ್ಯಾಟ್. (4) ಇದಕ್ಕೆ ಉತ್ತರ ಕೊಟ್ಟಿಲ್ಲ. ತರಗತಿಯಲ್ಲಿ ಚರ್ಚೆ ಮಾಡಿ, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.